ಬೇಕರಿಯ ಒಂದು ವಾಕ್ಯದಿಂದ ಫ್ರೆಂಚ್ ವ್ಯಾಕರಣ: ಕನ್ನಡದ ಮೂಲಕ ಕಲಿಯುವವರಿಗೆ ಸಮಗ್ರ ಮಾರ್ಗದರ್ಶಿ

ಫ್ರೆಂಚ್ ಕಲಿಯುವವರು ಕ್ರಿಯಾಪದದ ಕೋಷ್ಟಕವನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತಾರೆ. ಹಣ್ಣು, ತರಕಾರಿ, ಬಣ್ಣಗಳ ಹೆಸರೆಲ್ಲ ಬಾಯಿಪಾಠ. ಆದರೆ 'ನನಗೆ ಚಳಿಯಾಗ್ತಿದೆ' ಅನ್ನುವುದನ್ನು ಫ್ರೆಂಚಿನಲ್ಲಿ ಹೇಳಿ ಎಂದರೆ ತಪ್ಪುತ್ತಾರೆ. ನಾನು ಫ್ರೆಂಚ್ ಹೇಳಿಕೊಡುವ ಪ್ರತಿ ತಂಡದಲ್ಲೂ ಇದನ್ನೇ ನೋಡುತ್ತೇನೆ. ತಪ್ಪಿನ ಬೇರು ಬಹುಪಾಲು ಒಂದೇ ಕಡೆ ಇದೆ. ಮನಸ್ಸಿನಲ್ಲಿ ಕನ್ನಡದಲ್ಲಿ ಹುಟ್ಟಿದ ಮಾತನ್ನು ಮೊದಲು ಇಂಗ್ಲಿಷಿಗೆ ತಿರುಗಿಸಿ, ಅಲ್ಲಿಂದ ಫ್ರೆಂಚಿಗೆ ಸಾಗಿಸುತ್ತಾರೆ. ಪಠ್ಯಪುಸ್ತಕದ ವಿವರಣೆಯೆಲ್ಲ ಇಂಗ್ಲಿಷಿನಲ್ಲಿ ಇರುವುದರಿಂದ ಈ ಸುತ್ತುದಾರಿ ಸಹಜ ಅನ್ನಿಸುತ್ತದೆ. ಆದರೆ ದಿನಬಳಕೆಯ ಎಷ್ಟೋ ಕಡೆ ಫ್ರೆಂಚ್ ವಾಕ್ಯ ಇಂಗ್ಲಿಷಿಗಿಂತ ಕನ್ನಡಕ್ಕೇ ಹತ್ತಿರ. ಎಲ್ಲಿ ಹತ್ತಿರ, ಎಲ್ಲಿ ಕನ್ನಡವೂ ಕೈಕೊಡುತ್ತದೆ ಎಂಬುದನ್ನು ಕಲಿಯಬೇಕಾದ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ. ಆರಂಭದ ಎ1, ಎ2 ಮಟ್ಟದಲ್ಲಿ ಇರುವವರಿಗೆ ಇದು.

ಶುರುಮಾಡುವ ಮುನ್ನ ಬೇಕಾದದ್ದು

ಒಂದು ದಪ್ಪ ನೋಟ್‌ಬುಕ್, ನೀಲಿ ಮತ್ತು ಕೆಂಪು ಪೆನ್ನು, ದನಿ ರೆಕಾರ್ಡ್ ಮಾಡುವ ಮೊಬೈಲ್. ಪದದ ಲಿಂಗ ನೋಡಿಕೊಳ್ಳಲು ಲಾರೂಸ್ ನಿಘಂಟು ಆನ್‌ಲೈನಿನಲ್ಲಿ ಉಚಿತವಾಗಿ ಸಿಗುತ್ತದೆ. ಕೇಳುವುದಕ್ಕೆ ಟಿವಿ5 ಮೋಂದ್ ವಾಹಿನಿಯ ಕಲಿಕಾ ತಾಣವಿದೆ; ಅಲ್ಲಿ ಪಾಠಗಳು ಎ1ರಿಂದ ಬಿ2ರವರೆಗೆ ಮಟ್ಟವಾರು ಇವೆ. ಎ2 ದಾಟಿದ ಮೇಲೆ ಆರ್‌ಎಫ್‌ಐ ರೇಡಿಯೊದ ಸರಳ ಫ್ರೆಂಚ್ ವಾರ್ತೆ ಕೇಳಿ, ಹತ್ತು ನಿಮಿಷದ್ದು.

ಕಿವಿಗೆ ಬೀಳಲಿ ಎಂದು ಇಲ್ಲಿ ಫ್ರೆಂಚ್ ಮಾತುಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ನಿಮ್ಮ ನೋಟ್‌ಬುಕ್‌ನಲ್ಲಿ ಮಾತ್ರ ಪ್ರತಿ ವಾಕ್ಯವನ್ನೂ ಫ್ರೆಂಚ್ ಕಾಗುಣಿತದಲ್ಲೇ ಬರೆದುಕೊಳ್ಳಿ. ಕನ್ನಡ ಲಿಪಿ ಮೊದಲ ತಿಂಗಳ ಊರುಗೋಲು, ಅಷ್ಟೇ.

ಹಂತ 1: ವ್ಯಾಕರಣಕ್ಕೆ ಮೊದಲು ಕಿವಿ

ಫ್ರೆಂಚಿನ ತ, ದ ಎರಡೂ ನಮ್ಮ ತ, ದಗಳ ಹಾಗೆ ಹಲ್ಲಿಗೆ ತಾಗುವ ದನಿಗಳು. ಇಂಗ್ಲಿಷಿನ ರೂಢಿಯಿಂದ ಅವನ್ನು ಟ, ಡ ಮಾಡುವುದು ನಮ್ಮವರ ಮೊದಲ ತಪ್ಪು. 'ನೀನು' ಅನ್ನುವುದಕ್ಕೆ 'ತ್ಯು', 'ಟು' ಅಲ್ಲ. ಆ 'ಯು' ದನಿ ಹೊರಡಿಸಲು ತುಟಿಯನ್ನು 'ಊ' ಹೇಳುವಂತೆ ದುಂಡಗೆ ಮಾಡಿ, ಒಳಗೆ 'ಈ' ಹೇಳಿ.

ಇಲ್ಲಿ ಸೊನ್ನೆ ಬಂದಲ್ಲೆಲ್ಲ ದನಿ ಮೂಗಿನಲ್ಲಿ ಮುಗಿಯಬೇಕು, ತುಟಿ ಮುಚ್ಚಬಾರದು. ರೊಟ್ಟಿಗೆ 'ಪ್ಯಾಂ' ಅನ್ನುವಾಗ ಕೊನೆಯಲ್ಲಿ 'ಮ್' ಅಥವಾ 'ನ್' ಕೇಳಿಸಿದರೆ ತಪ್ಪಾಯಿತು. 'ಜ' ಹೇಳುವಾಗ ನಾಲಿಗೆ ಅಂಗುಳಿಗೆ ಬಡಿಯಬಾರದು. 'ಶ' ಹೇಳುತ್ತಾ ಗಂಟಲಿನ ನಾದ ಸೇರಿಸಿದರೆ ಬರುವ ದನಿ ಅದು. ಚುಕ್ಕೆಯ 'ಜ಼' ಬೇರೆ, ಅದು 'ಸ'ಕ್ಕೆ ನಾದ ಸೇರಿಸಿದ್ದು. ಈ ವ್ಯತ್ಯಾಸವನ್ನು ಹಗುರವಾಗಿ ನೋಡಬೇಡಿ: 'ಪ್ವಾಸೋಂ' ಅಂದರೆ ಮೀನು, 'ಪ್ವಾಜ಼ೋಂ' ಅಂದರೆ ವಿಷ.

ಪದದ ಕೊನೆಯ ವ್ಯಂಜನ ಸಾಮಾನ್ಯವಾಗಿ ಬರಹದಲ್ಲಿ ಇರುತ್ತದೆ, ಬಾಯಲ್ಲಿ ಇರುವುದಿಲ್ಲ. ಮುಂದಿನ ಪದ ಸ್ವರದಿಂದ ಶುರುವಾದರೆ ಅದು ಎಷ್ಟೋ ಸಲ ಜೀವ ಪಡೆದು ಅಂಟಿಕೊಳ್ಳುತ್ತದೆ. 'ಲೇ' ಮತ್ತು 'ಆಂಫಾಂ' ಕೂಡಿ 'ಲೇ ಜ಼ಾಂಫಾಂ', ಅಂದರೆ ಮಕ್ಕಳು. ನಮಗೆ ಸಂಧಿ ಹೊಸದಲ್ಲ, ಇದನ್ನೂ ಹಾಗೆಯೇ ನೋಡಿ. ಪದಪದವಾಗಿ ಬಿಡಿಸಿ ಓದುವ ಅಭ್ಯಾಸ ಇದ್ದವರಿಗೆ ಫ್ರೆಂಚರ ಮಾತು ಕೊನೆವರೆಗೂ 'ತುಂಬಾ ಸ್ಪೀಡು' ಅನ್ನಿಸುತ್ತದೆ. ನಿಜಕ್ಕೂ ಅವರು ಕೂಡಿಸಿ ಹೇಳುತ್ತಿರುತ್ತಾರೆ.

ಹಂತ 2: ಬೇಕರಿಯ ವಾಕ್ಯ

'ಬೋಂಜೂರ್ ಮಾದಾಮ್, ಜ ವೂದ್ರೇ ಯೂನ್ ಬಾಗೆತ್, ಸಿಲ್ ವೂ ಪ್ಲೇ.' ನಮಸ್ಕಾರ ಮೇಡಂ, ನನಗೊಂದು ಬಾಗೆತ್ (ಉದ್ದನೆಯ ಫ್ರೆಂಚ್ ಬ್ರೆಡ್) ಬೇಕಿತ್ತು, ದಯವಿಟ್ಟು ಕೊಡಿ.

ಈ ಒಂದು ವಾಕ್ಯವನ್ನು ನೂರು ಸಲ ಹೇಳಿ. ಇದರಲ್ಲಿ ಮೊದಲ ಎರಡು ವಾರಕ್ಕೆ ಸಾಕಾಗುವಷ್ಟು ವ್ಯಾಕರಣವಿದೆ. 'ಬೋಂಜೂರ್' ಹೇಳದೆ ನೇರ ಬೇಡಿಕೆಗೆ ಇಳಿಯುವುದು ಫ್ರಾನ್ಸಿನಲ್ಲಿ ಒರಟುತನ. ಅಂಗಡಿಯ ಬಾಗಿಲು ದಾಟಿದ ಕೂಡಲೇ ಅದು ಬರಬೇಕು. 'ಜ ವೂದ್ರೇ' ಎನ್ನುವುದು 'ಬೇಕಿತ್ತು' ಎಂಬ ನಮ್ಮ ಮೆದು ಮಾತಿನ ಜಾಗದಲ್ಲಿ ಕೂರುತ್ತದೆ. ನಾವು 'ಬೇಕು' ಎನ್ನದೆ 'ಬೇಕಿತ್ತು' ಎಂದು ಏಕೆ ಹೇಳುತ್ತೇವೋ ಅದೇ ಕಾರಣಕ್ಕೆ ಅವರು 'ಜ ವ' ಬಿಟ್ಟು ಇದನ್ನು ಬಳಸುತ್ತಾರೆ. ಮಾರುವವರು ಬಹುಶಃ 'ಆವೆಕ್ ಸಸೀ?' ಎನ್ನುತ್ತಾರೆ. ಇನ್ನೇನಾದರೂ ಬೇಕೇ ಎಂದು ಅರ್ಥ. 'ಸೇ ತೂ, ಮೆರ್ಸೀ' ಎಂದರೆ ಇಷ್ಟೇ ಸಾಕು.

ಮುಂದೆ 'ವೂ', 'ತ್ಯು'. ನೀವು, ನೀನು ಇರುವ ನಮಗೆ ಇದು ಸುಲಭ, ಆದರೆ ಗೆರೆ ಎಳೆಯುವ ಜಾಗ ಬೇರೆ. ಎಷ್ಟೋ ಮನೆಗಳಲ್ಲಿ ಅಮ್ಮನಿಗೆ ನೀನು, ಅಪ್ಪನಿಗೆ ನೀವು. ಫ್ರೆಂಚ್ ಮನೆಗಳಲ್ಲಿ ಸಾಮಾನ್ಯವಾಗಿ ಅಪ್ಪ, ಅಮ್ಮ, ಅಜ್ಜಿ ಎಲ್ಲರಿಗೂ 'ತ್ಯು'. ಅಂಗಡಿ, ಕಚೇರಿ, ಅಪರಿಚಿತ ವಯಸ್ಕರಿಗೆ 'ವೂ'. ಎದುರಿನವರೇ 'ಓಂ ಪ ಸ ತ್ಯುತ್ವಾಯೇ?' ಎಂದು ಕೇಳಿದರೆ 'ತ್ಯು'ಗೆ ಇಳಿಯಿರಿ.

ಇಲ್ಲೇ ಕನ್ನಡಿಗರು ಮಾಡುವ ಒಂದು ತಪ್ಪಿದೆ. 'ಮೇಷ್ಟ್ರು ಬಂದರು' ಎಂಬ ಗೌರವದ ಬಹುವಚನವನ್ನು ಹಾಗೇ ಫ್ರೆಂಚಿಗೆ ಒಯ್ಯುತ್ತಾರೆ. ಎದುರಿಗಿಲ್ಲದವರ ವಿಷಯದಲ್ಲಿ ಫ್ರೆಂಚಿನಲ್ಲಿ ಇಂಥ ಬಹುವಚನವಿಲ್ಲ. ಎಷ್ಟೇ ದೊಡ್ಡವರಾದರೂ ಒಬ್ಬರೇ ಆದರೆ 'ಈಲ್' (ಅವನು) ಅಥವಾ 'ಎಲ್' (ಅವಳು), ಏಕವಚನವೇ. ಬಹುವಚನ ಹಾಕಿದರೆ ಕೇಳುವವರು ಇನ್ನೊಬ್ಬರು ಯಾರು ಬಂದರು ಎಂದು ಹುಡುಕುತ್ತಾರೆ.

ಹಂತ 3: ನಾಮಪದದ ಮುಂದಿನ ಪುಟ್ಟ ಪದ

ಇಲ್ಲಿ ಕನ್ನಡ ನೆರವಿಗೆ ಬರುವುದಿಲ್ಲ. ನಾವು 'ಕಾಫಿ ಕುಡೀತೀನಿ' ಎಂದು ಖಾಲಿ ಬಿಡುವ ಜಾಗವನ್ನು ಫ್ರೆಂಚ್ ತುಂಬಲೇಬೇಕು. ನಮ್ಮಲ್ಲಿ ಮೇಜು, ಪುಸ್ತಕ, ಮಳೆ ಎಲ್ಲವೂ 'ಅದು'. ಫ್ರೆಂಚಿನಲ್ಲಿ ವಸ್ತುಗಳೂ 'ಅವನು' ಅಥವಾ 'ಅವಳು'. ಹಾಗಾಗಿ ನೋಟ್‌ಬುಕ್‌ನಲ್ಲಿ ಬಿಡಿ ಪದ ಬರೆಯುವುದನ್ನು ಇಂದೇ ನಿಲ್ಲಿಸಿ. 'ಬಾಗೆತ್' ಅಲ್ಲ, 'ಯೂನ್ ಬಾಗೆತ್', ಕೆಂಪು ಪೆನ್ನಿನಲ್ಲಿ. 'ಪ್ಯಾಂ' ಅಲ್ಲ, 'ಅಂ ಪ್ಯಾಂ', ನೀಲಿಯಲ್ಲಿ. ಆರು ತಿಂಗಳ ನಂತರ ಲಿಂಗ ಕಲಿಯುತ್ತೇನೆ ಎಂದವರು ಕಲಿತ ಪದಗಳನ್ನೆಲ್ಲ ಇನ್ನೊಮ್ಮೆ ಕಲಿಯಬೇಕಾಗುತ್ತದೆ.

ಪದದ ಬಾಲ ನೋಡಿ ಲಿಂಗ ಊಹಿಸಬಹುದು. ಸ್ತಾಸ್ಯೋಂ, ನಾಸ್ಯೋಂ ಥರ 'ಸ್ಯೋಂ' ಬಾಲದವು ಸ್ತ್ರೀಲಿಂಗ; ಬಾಗೆತ್‌ನಂತೆ 'ಎತ್' ಬಾಲದವು ಬಹುಪಾಲು ಸ್ತ್ರೀಲಿಂಗ. ಫ್ರೊಮಾಜ್ ಎಂಬ ಗಿಣ್ಣು, ವ್ವಾಯಾಜ್ ಎಂಬ ಪ್ರಯಾಣದಂತೆ 'ಆಜ್' ಬಾಲದವು ಪುಲ್ಲಿಂಗ, ಆದರೆ ಕಡಲತೀರದ ಪ್ಲಾಜ್, ಪುಟದ ಪಾಜ್, ಚಿತ್ರದ ಇಮಾಜ್ ಸ್ತ್ರೀಲಿಂಗ. ಬ್ಯುರೋ ಎಂಬ ಕಚೇರಿ, ಗಾತೋ ಎಂಬ ಕೇಕಿನಂತೆ 'ಓ' ಬಾಲದವು ಬಹುಪಾಲು ಪುಲ್ಲಿಂಗ. ಆದರೆ ನೀರಿಗೆ ಹೇಳುವ 'ಓ' ಸ್ತ್ರೀಲಿಂಗ.

ಲಿಂಗ ಗೊತ್ತಾದ ಮೇಲೆ ಯಾವ ಪುಟ್ಟ ಪದ ಎಂಬ ಪ್ರಶ್ನೆ. ಕಾಫಿಯನ್ನೇ ಇಟ್ಟುಕೊಂಡು ನಾಲ್ಕು ವಾಕ್ಯ ಕಲಿಯಿರಿ.

'ಅಂ ಕಾಫೇ, ಸಿಲ್ ವೂ ಪ್ಲೇ.' ಒಂದು ಕಾಫಿ ಕೊಡಿ. ಎಣಿಕೆಗೆ ಸಿಗುವ ಒಂದು.

'ಜೆಮ್ ಲ ಕಾಫೇ.' ನನಗೆ ಕಾಫಿ ಇಷ್ಟ. ಲೋಕದ ಕಾಫಿಯೆಲ್ಲ ಸೇರಿದ ಮಾತು, ಹಾಗಾಗಿ 'ಲ'. ಸ್ತ್ರೀಲಿಂಗವಾದರೆ 'ಲಾ', ಬಹುವಚನವಾದರೆ 'ಲೇ'.

'ಜ ಬ್ವಾ ದ್ಯು ಕಾಫೇ.' ಕಾಫಿ ಕುಡಿಯುತ್ತೇನೆ. ಎಷ್ಟು ಎಂದು ಹೇಳದ ಒಂದಿಷ್ಟು, ಅದಕ್ಕೆ 'ದ್ಯು'. ಸ್ತ್ರೀಲಿಂಗಕ್ಕೆ 'ದ ಲಾ'.

'ಜ ನ ಬ್ವಾ ಪಾ ದ ಕಾಫೇ.' ಕಾಫಿ ಕುಡಿಯುವುದಿಲ್ಲ. 'ಇಲ್ಲ' ಬಂದ ಕೂಡಲೇ ದ್ಯು, ಅಂ, ಯೂನ್ ಎಲ್ಲ ಕರಗಿ ಬರೀ 'ದ' ಆಗುತ್ತವೆ. 'ಲ' ಮಾತ್ರ ಕರಗುವುದಿಲ್ಲ: 'ಜ ನೆಮ್ ಪಾ ಲ ಕಾಫೇ', ಕಾಫಿ ಇಷ್ಟವಿಲ್ಲ.

ಈ ನಾಲ್ಕನ್ನು ಹಾಲು, ಅನ್ನ, ಸಂಗೀತ ಎಲ್ಲಕ್ಕೂ ಹಾಕಿ ತಿರುಗಿಸಿ. ಮಾಂಸ ತಿನ್ನದವರು ಇನ್ನೊಂದನ್ನು ಸೇರಿಸಿಕೊಳ್ಳಿ: 'ಜ ನ ಮಾಂಜ್ ನೀ ವಿಯಾಂದ್, ನೀ ಪ್ವಾಸೋಂ.' ಮಾಂಸವನ್ನೂ ತಿನ್ನುವುದಿಲ್ಲ, ಮೀನನ್ನೂ ತಿನ್ನುವುದಿಲ್ಲ. ಇಲ್ಲಿ ಪುಟ್ಟ ಪದ ಬರುವುದೇ ಇಲ್ಲ. ಮೀನನ್ನು ಹೆಸರಿಸಿಯೇ ಹೇಳಿ. ಮಾಂಸ ಬೇಡ ಎಂದರೆ ಮೀನೂ ಬೇಡ ಎಂದು ಎಲ್ಲರೂ ತಿಳಿದುಕೊಳ್ಳುವುದಿಲ್ಲ.

ಗುಣವಾಚಕದ ಜಾಗವನ್ನೂ ಈ ಹಂತದಲ್ಲೇ ನೋಡಿಬಿಡಿ. ಸಾಮಾನ್ಯವಾಗಿ ಅದು ನಾಮಪದ ಆದ ಮೇಲೆ ಬರುತ್ತದೆ: 'ಅಂ ಕಾಫೇ ನ್ವಾರ್', ಕಪ್ಪು ಕಾಫಿ. ಚಿಕ್ಕದು, ದೊಡ್ಡದು, ಒಳ್ಳೆಯದು, ಚೆಂದದ್ದು, ಹಳೆಯದು, ಹೊಸದು ಮುಂತಾದ ಕೆಲವು ಮಾತ್ರ ನಾಮಪದಕ್ಕೆ ಮೊದಲು ಬರುತ್ತವೆ: 'ಅಂ ಪತೀ ಕಾಫೇ', ಚಿಕ್ಕ ಕಾಫಿ.

ಹಂತ 4: ಕ್ರಿಯಾಪದ, ಐದೇ ಐದು

ನಿಯಮಿತ ಕ್ರಿಯಾಪದದ ಆರು ರೂಪ ನೋಡಿ ಹೆದರಬೇಡಿ. 'ಮಾತಾಡು' ಎಂಬುದರಲ್ಲಿ ನಾನು, ನೀನು, ಅವನು, ಅವರು ನಾಲ್ಕಕ್ಕೂ ಕಿವಿಗೆ ಕೇಳುವುದು 'ಪಾರ್ಲ್' ಒಂದೇ. ಕಾಗುಣಿತ ಮಾತ್ರ ಬೇರೆ. 'ನಾವು' ಎನ್ನಲು ಮಾತಿನಲ್ಲಿ 'ಓಂ' ಬಳಸುತ್ತಾರೆ, ಅದಕ್ಕೂ 'ಪಾರ್ಲ್'. ಉಳಿದದ್ದು 'ವೂ ಪಾರ್ಲೇ'. ಮಾತಿಗೆ ಎರಡು ರೂಪ ಸಾಕು. ಈ ಮಾದರಿಯ ಜೊತೆಗೆ ಇರು, ಹೊಂದಿರು, ಹೋಗು, ಮಾಡು ಎಂಬ ನಾಲ್ಕು ಅನಿಯಮಿತ ಕ್ರಿಯಾಪದಗಳನ್ನು ಪೂರ್ತಿ ಕಲಿಯಿರಿ. ಭೂತಕಾಲ, ಭವಿಷ್ಯ ಎರಡಕ್ಕೂ ಇವೇ ಹೆಗಲು ಕೊಡುತ್ತವೆ. 'ಜ ವೇ ಮಾಂಜೇ', ತಿನ್ನಲು ಹೋಗುತ್ತಿದ್ದೇನೆ, ಅಂದರೆ ಇನ್ನೇನು ತಿನ್ನುತ್ತೇನೆ.

ಈಗ ಚಳಿಯ ವಾಕ್ಯಕ್ಕೆ ಬನ್ನಿ. ಇಂಗ್ಲಿಷ್ ದಾರಿಯಲ್ಲಿ ಬಂದವರು 'ಜ ಸ್ವೀ ಫ್ರ್ವಾ' ಎನ್ನುತ್ತಾರೆ. ಅದು 'ನಾನು ಭಾವನೆ ಇಲ್ಲದ ಮನುಷ್ಯ' ಎಂದಂತೆ. ಸೆಕೆಯನ್ನು ಅದೇ ರೀತಿ ಹೇಳಿದರೆ ಇನ್ನೂ ಮುಜುಗರದ ಅರ್ಥ ಬರುತ್ತದೆ. ಕನ್ನಡದಲ್ಲಿ ನಾವು 'ನಾನು ಚಳಿ' ಎನ್ನುತ್ತೇವೆಯೇ? 'ನನಗೆ ಚಳಿ' ಎನ್ನುತ್ತೇವೆ. ಚಳಿ, ಹಸಿವು, ಭಯ ನಮ್ಮ ಬಳಿ ಬಂದು ಸೇರುವ ವಸ್ತುಗಳು. ಫ್ರೆಂಚೂ ಅವನ್ನು 'ಹೊಂದಿರು' ಜೊತೆ ಹೇಳುತ್ತದೆ: 'ಜೇ ಫ್ರ್ವಾ' ಚಳಿ, 'ಜೇ ಫ್ಯಾಂ' ಹಸಿವು, 'ಜೇ ಸ್ವಾಫ್' ಬಾಯಾರಿಕೆ, 'ಜೇ ಪರ್' ಭಯ, 'ಜೇ ಮಾಲ್ ಆ ಲಾ ತೆತ್' ತಲೆನೋವು. ವಯಸ್ಸೂ ಹಾಗೆಯೇ: 'ಜೇ ವ್ಯಾಂತ್‌ಸ್ಯಾಂಕ್ ಆಂ', ನನಗೆ ಇಪ್ಪತ್ತೈದು ವರ್ಷ. ಕನ್ನಡದಲ್ಲಿ 'ನನಗೆ' ಎಂದು ಶುರುವಾಗುವ ಮೈಯ ಸ್ಥಿತಿ ಕಂಡರೆ ಮೊದಲು 'ಜೇ' ಹಾಕಿ ನೋಡಿ.

'ನನಗೆ' ಇನ್ನೂ ನೇರವಾಗಿ ಕೂರುವ ಕಡೆಗಳಿವೆ. 'ಈಲ್ ಮ ಫೋ ಅಂ ಸ್ತೀಲೋ', ನನಗೊಂದು ಪೆನ್ನು ಬೇಕು. 'ಸಾ ಮ ಪ್ಲೇ', ಅದು ನನಗೆ ಹಿಡಿಸುತ್ತದೆ. ಇಲ್ಲಿನ 'ಮ' ಅಕ್ಷರಶಃ ನಮ್ಮ 'ನನಗೆ'.

ಇನ್ನೊಂದು ಉಡುಗೊರೆ 'ದಪ್ವೀ'. ಮೂರು ವರ್ಷದಿಂದ ಲಿಯೋಂನಲ್ಲಿ ಇದ್ದೇನೆ: 'ಜಾಬೀತ್ ಆ ಲ್ಯೋಂ ದಪ್ವೀ ತ್ರ್ವಾ ಜ಼ಾಂ.' ನಮ್ಮ ಹಾಗೆಯೇ ವರ್ತಮಾನಕಾಲ. ಇಂಗ್ಲಿಷ್ ಇಲ್ಲಿ ಬೇರೆ ಕಾಲ ಕೇಳುವುದರಿಂದ ಅದನ್ನು ನೆನೆದವರು ಭೂತಕಾಲ ಹಾಕಿ ಕೆಡಿಸುತ್ತಾರೆ.

ಹಂತ 5: ಅವನಿಗೆ, ಅವನನ್ನು

ಬೇರೆಲ್ಲ ಕಲಿಯುವವರೂ ತಿಣುಕುವ ಪಾಠ ಇದು. ಕನ್ನಡಿಗರು ಇಲ್ಲಿ ಮುಂದಿರಬೇಕು. 'ಜ ತ ಲ ದೊನ್.' ಪದಕ್ಕೆ ಪದ ಇಟ್ಟು ನೋಡಿ: ನಾನು, ನಿನಗೆ, ಅದನ್ನು, ಕೊಡುತ್ತೇನೆ. ಸರ್ವನಾಮ ಬಂದಾಗ ಫ್ರೆಂಚ್ ವಾಕ್ಯ ಕನ್ನಡದಂತೆ ಕ್ರಿಯಾಪದವನ್ನು ಕೊನೆಗೆ ತಳ್ಳುತ್ತದೆ. 'ಅವನಿಗೆ' ಬಂದರೆ ಮಾತ್ರ ಕ್ರಮ ಅದಲುಬದಲು: 'ಜ ಲ ಲ್ವೀ ದೊನ್', ಅದನ್ನು ಅವನಿಗೆ ಕೊಡುತ್ತೇನೆ.

ಸೂತ್ರ ಇಷ್ಟು: ಕನ್ನಡದಲ್ಲಿ 'ಗೆ' ಬಂದರೆ 'ಲ್ವೀ', 'ಅನ್ನು' ಬಂದರೆ 'ಲ' ಅಥವಾ 'ಲಾ'. ಅವನಿಗೆ ಫೋನ್ ಮಾಡಿದೆ, 'ಜ ಲ್ವೀ ಏ ತೆಲೆಫೋನೇ'. ಅವನನ್ನು ನೋಡಿದೆ, 'ಜ ಲೇ ವ್ಯು'. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ರೂಪ ಇರುವುದರಿಂದ ಆ ದಾರಿಯಲ್ಲಿ ಬಂದವರಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಸೂತ್ರ ಮುರಿಯುವ ನಾಲ್ಕನ್ನು ಗೋಡೆಗೆ ಅಂಟಿಸಿಕೊಳ್ಳಿ. ಅವನಿಗೆ ಸಹಾಯ ಮಾಡಿದೆ, ಅವನಿಗಾಗಿ ಕಾದೆ, ಅವನಿಗೆ ಧನ್ಯವಾದ ಹೇಳಿದೆ: ಮೂರರಲ್ಲೂ ಫ್ರೆಂಚ್ 'ಅವನನ್ನು' ಎನ್ನುತ್ತದೆ, 'ಜ ಲೇ ಏದೇ', 'ಜ ಲೇ ಆತಾಂದ್ಯು', 'ಜ ಲೇ ರಮೆರ್ಸಿಯೇ'. ನಾಲ್ಕನೆಯದು ತಿರುವುಮುರುವು. ನಾವು ಅವನನ್ನು ಕೇಳುತ್ತೇವೆ, ಅವರು 'ಅವನಿಗೆ' ಕೇಳುತ್ತಾರೆ: 'ಜ ಲ್ವೀ ಏ ದಮಾಂದೇ'.

ಹಂತ 6: ನಡೆದದ್ದು, ನಡೆಯುತ್ತಿದ್ದದ್ದು

ಎರಡು ಭೂತಕಾಲಗಳ ಗೊಂದಲಕ್ಕೆ ಕನ್ನಡವೇ ಮದ್ದು. 'ನೀನು ಫೋನ್ ಮಾಡಿದಾಗ ನಾನು ನಿದ್ದೆ ಮಾಡ್ತಿದ್ದೆ': 'ಕಾಂ ತ್ಯು ಆ ತೆಲೆಫೋನೇ, ಜ ದೊರ್ಮೇ.' 'ಮಾಡಿದೆ' ಎಂಬುದಕ್ಕೆ ಎರಡು ತುಂಡಿನ ಭೂತಕಾಲ, 'ಮಾಡ್ತಿದ್ದೆ' ಎಂಬುದಕ್ಕೆ ಒಂದೇ ತುಂಡಿನದು. ಚಿಕ್ಕಂದಿನಲ್ಲಿ ದಿನಾ ಈಜಲು ಹೋಗುತ್ತಿದ್ದೆ ಎಂಬ ರೂಢಿಯ ಮಾತಿಗೂ ಒಂದು ತುಂಡು, 'ಜಾಲೇ'. ಒಂದು ಎಚ್ಚರ: ಅವಧಿಯನ್ನು ಲೆಕ್ಕಹಾಕಿ ಮುಗಿಸಿದರೆ ಕನ್ನಡದ ಕಿವಿ ದಾರಿ ತಪ್ಪಿಸಬಹುದು. ಮೂರು ಗಂಟೆ ಕಾಯ್ತಾ ಇದ್ದೆ ಎಂದು ನಾವು ಹೇಳಿದರೂ ಕಾಯುವುದು ಮುಗಿದಿದೆ. 'ಜೇ ಆತಾಂದ್ಯು ತ್ರ್ವಾ ಜ಼ರ್', ಎರಡು ತುಂಡೇ.

ಎರಡು ತುಂಡಿನ ಭೂತಕಾಲಕ್ಕೆ ಬಹುಪಾಲು 'ಹೊಂದಿರು' ಸಹಾಯಕ. ಹೋಗು, ಬರು, ತಲುಪು, ಹೊರಡು, ಒಳಬರು, ಹೊರಹೋಗು, ಹತ್ತು, ಇಳಿ, ಉಳಿ, ಬೀಳು, ಹುಟ್ಟು, ಸಾಯು: ಇವಕ್ಕೆ 'ಇರು'. 'ಜ ಸ್ವೀ ಆಲೇ' ಎಂಬುದು 'ಹೋಗಿ ಇದ್ದೇನೆ' ಎಂಬ ನಮ್ಮ 'ಹೋಗಿದ್ದೇನೆ'ಯ ನಡಿಗೆಯಲ್ಲೇ ಇದೆ. ಆದರೆ ನಡೆ, ಓಡು ಎಂಬವು ಚಲನೆಯೇ ಆದರೂ ಈ ಗುಂಪಿನಲ್ಲಿಲ್ಲ. ಇಲ್ಲಿ ಎಡವದವರನ್ನು ನಾನು ನೋಡಿಲ್ಲ.

'ಕೊಳ್ಳು' ಸೇರುವ ಕ್ರಿಯೆಗಳೂ ಎಷ್ಟೋ ಸಲ 'ಇರು' ಕಡೆಗೇ. ಕೈ ತೊಳೆದುಕೊಂಡೆ: 'ಜ ಮ ಸ್ವೀ ಲಾವೇ ಲೇ ಮ್ಯಾಂ.' ಆ 'ಮ' ನಮ್ಮ 'ಕೊಳ್ಳು'ವಿನ ಕೆಲಸ ಮಾಡುತ್ತದೆ. ಅದು ಇರುವುದರಿಂದಲೇ 'ನನ್ನ ಕೈ' ಎಂದು ಅವರೂ ಹೇಳುವುದಿಲ್ಲ, ನಾವೂ ಹೇಳುವುದಿಲ್ಲ.

ಹಂತ 7: ಪ್ರಶ್ನೆ, ಇಲ್ಲ, ಹೌದು

'ಹಾಲು ಇದೆಯಾ?' ಎಂಬಲ್ಲಿನ ಕೊನೆಯ 'ಆ'ವನ್ನು ವಾಕ್ಯದ ತಲೆಗೆ ತಂದರೆ ಅದು 'ಎಸ್ ಕ': 'ಎಸ್ ಕ ವೂ ಜ಼ಾವೇ ದ್ಯು ಲೇ?' ಮಾತಿನಲ್ಲಿ ದನಿ ಏರಿಸಿ 'ವೂ ಜ಼ಾವೇ ದ್ಯು ಲೇ?' ಎಂದರೂ ನಡೆಯುತ್ತದೆ. 'ಜ ನ ಸೇ ಪಾ' ಎಂದು ಕಲಿತದ್ದು ರಸ್ತೆಯಲ್ಲಿ 'ಶೇ ಪಾ' ಎಂದು ಕೇಳಿಸುತ್ತದೆ; ನೀವು ಪೂರ್ತಿ ಹೇಳಿ, ಕಿವಿಯನ್ನು ಮಾತ್ರ ಎರಡಕ್ಕೂ ತಯಾರಿಡಿ.

ದೊಡ್ಡ ಅಪಾಯ 'ಹೌದು'. 'ಹಸಿವಿಲ್ವಾ?' ಎಂದು ಕೇಳಿದರೆ ನಾವು 'ಹೂಂ, ಇಲ್ಲ' ಎನ್ನುತ್ತೇವೆ. 'ತ್ಯು ನಾ ಪಾ ಫ್ಯಾಂ?' ಎಂದು ಕೇಳಿದವರಿಗೆ 'ವೀ' ಎಂದರೆ ಅವರು ಗಲಿಬಿಲಿಗೊಳ್ಳುತ್ತಾರೆ. ಹಸಿವಿಲ್ಲದಿದ್ದರೆ 'ನೋಂ'. ಹಸಿವಿದ್ದರೆ 'ಸೀ', ಇಲ್ಲವೆಂದು ಕೇಳಿದ್ದಕ್ಕೆ 'ಇದೆ' ಎಂದು ಎದುರಾಡಲೆಂದೇ ಇರುವ ಪದ.

ಹಂತ 8: ಪದಗಳು, ಮೋಸದ ಮುಖಗಳು

ಇಂಗ್ಲಿಷಿನ ಮುಖ ಹೊತ್ತ ಫ್ರೆಂಚ್ ಪದಗಳನ್ನು ನಂಬಬೇಡಿ. 'ಲಿಬ್ರೇರೀ' ಪುಸ್ತಕದಂಗಡಿ. 'ಮೊನೇ' ಚಿಲ್ಲರೆ. 'ಲೊಕಾಸ್ಯೋಂ' ಬಾಡಿಗೆ. 'ರೆಸ್ತೇ' ಉಳಿಯುವುದು, ವಿಶ್ರಾಂತಿಯಲ್ಲ. 'ಮೆದ್ಸ್ಯಾಂ' ಡಾಕ್ಟರು, ಮಾತ್ರೆ, ಔಷಧಿಗೆ 'ಮೆದಿಕಾಮಾಂ'. 'ಪಾಸೇ' ಎಂದರೆ ಪರೀಕ್ಷೆ ಬರೆಯುವುದು, ತೇರ್ಗಡೆಯಾಗುವುದಲ್ಲ. ತಿಂಡಿಗೆ ಕೆಡದಂತೆ ಹಾಕುವ ರಾಸಾಯನಿಕದ ಬಗ್ಗೆ ಕೇಳುವಾಗ 'ಪ್ರೆಜ಼ೆರ್ವಾತೀಫ್' ಎನ್ನಬೇಡಿ, ಅದು ಕಾಂಡೋಮ್. ಬೇಕಾದ ಪದ 'ಕೋಂಸೆರ್ವಾತರ್'.

ಅಂಕಿಗಳಲ್ಲಿ 70 ಎಂದರೆ ಅರವತ್ತು-ಹತ್ತು, 80 ಎಂದರೆ ನಾಲ್ಕು ಇಪ್ಪತ್ತು, 97 ಎಂದರೆ ನಾಲ್ಕು ಇಪ್ಪತ್ತು ಹದಿನೇಳು. ಫ್ರಾನ್ಸಿನಲ್ಲಿ ಹತ್ತಂಕಿಯ ಫೋನ್ ನಂಬರನ್ನು ಎರಡೆರಡಾಗಿ ಹೇಳುತ್ತಾರೆ. 'ಸ್ವಾಸಾಂತ್' (ಅರವತ್ತು) ಕೇಳಿದ ಕೂಡಲೇ 6 ಬರೆಯಬೇಡಿ, ಮುಂದೆ 'ಕ್ಯಾಂಜ಼್' (ಹದಿನೈದು) ಬಂದರೆ ಅದು 75. ಬೆಲ್ಜಿಯಂ, ಸ್ವಿಟ್ಜರ್ಲೆಂಡ್‌ಗಳಲ್ಲಿ 70ಕ್ಕೆ 'ಸೆಪ್ತಾಂತ್', 90ಕ್ಕೆ 'ನೊನಾಂತ್' ಎಂಬ ನೇರ ಪದಗಳಿವೆ.

ಹಂತ 9: ದಿನದ ಇಪ್ಪತ್ತು ನಿಮಿಷ, ಅಪಾಯದ ಸೂಚನೆಗಳು

ದಿನಕ್ಕೆ ಮೂರೇ ಹೊಸ ವಾಕ್ಯ. ಮೊದಲು ಕೇಳಿ, ಪುಸ್ತಕ ಮುಚ್ಚಿ ಹೇಳಿ, ರೆಕಾರ್ಡ್ ಮಾಡಿ, ಮೂಲದ ಪಕ್ಕದಲ್ಲಿ ಇಟ್ಟು ಕೇಳಿ. ಆಮೇಲೆ ಬರೆಯಿರಿ. ಪ್ರತಿ ವಾಕ್ಯದಲ್ಲೂ ಒಂದೇ ಭಾಗ ಬದಲಿಸಿ ಐದು ಸಲ ತಿರುಗಿಸಿ: ವಸ್ತು, ವ್ಯಕ್ತಿ, ಇಲ್ಲ, ನಿನ್ನೆ, ಪ್ರಶ್ನೆ. ಏಳನೆಯ ದಿನ ಹೊಸದು ಬೇಡ, ಹಳೆಯದನ್ನು ಕನ್ನಡದಿಂದ ಫ್ರೆಂಚಿಗೆ ಒಪ್ಪಿಸಿ.

ನಾಮಪದದ ಮುಂದಿನ ಪುಟ್ಟ ಪದಕ್ಕಾಗಿ ಪ್ರತಿ ಸಲ ತಡವರಿಸುತ್ತಿದ್ದರೆ ಹಂತ 3ಕ್ಕೆ ಹಿಂದಿರುಗಿ. ಓದಿದ್ದು ಅರ್ಥವಾಗಿ ಕೇಳಿದ್ದು ಅರ್ಥವಾಗದಿದ್ದರೆ ಹಂತ 1 ಅರೆಬರೆಯಾಗಿದೆ. ಆ್ಯಪಿನಲ್ಲಿ ಅಂಕ ಏರುತ್ತಿದ್ದು, ಆಯ್ಕೆಗಳಿಲ್ಲದೆ ಒಂದು ವಾಕ್ಯವೂ ಹೊರಡದಿದ್ದರೆ ಆ್ಯಪ್ ಒಂದು ವಾರ ಬದಿಗಿಡಿ. ವಾಕ್ಯ ಹುಡುಕುವಾಗ ತಲೆಯಲ್ಲಿ ಮೊದಲು ಇಂಗ್ಲಿಷ್ ಮೂಡುತ್ತಿದ್ದರೆ ಆ ವಾಕ್ಯವನ್ನು ಗಟ್ಟಿಯಾಗಿ ಕನ್ನಡದಲ್ಲಿ ಹೇಳಿ, 'ಗೆ' ಎಲ್ಲಿದೆ, 'ಕೊಳ್ಳು' ಎಲ್ಲಿದೆ, 'ಇದ್ದೆ' ಎಲ್ಲಿದೆ ಎಂದು ನೋಡಿಕೊಂಡು ಮತ್ತೆ ಶುರುಮಾಡಿ.

ಫ್ರಾನ್ಸಿಗೆ ಕಾಲಿಟ್ಟವರಿಗೆ ಒಂದು ಮಾತು ಉಳಿದಿದೆ. ನಿಮ್ಮ ತಡವರಿಕೆ ಕಂಡು ಅಂಗಡಿಯವರು ಇಂಗ್ಲಿಷಿಗೆ ಹೊರಳಬಹುದು. ಅದು ಸಹಾಯ ಮಾಡುವ ಮನಸ್ಸಿನಿಂದಲೇ. ನೀವು ನಗುತ್ತಾ 'ಜ ಪ್ರೆಫೇರ್ ಪಾರ್ಲೇ ಫ್ರಾಂಸೇ' ಎನ್ನಿ, ಫ್ರೆಂಚಿನಲ್ಲೇ ಮಾತಾಡಬೇಕೆಂದಿದ್ದೇನೆ ಎಂದು. ಹೆಚ್ಚಿನವರು ನಿಧಾನವಾಗಿ, ಬಿಡಿಸಿ ಬಿಡಿಸಿ, ಮತ್ತೆ 'ಆವೆಕ್ ಸಸೀ?' ಎಂದು ಕೇಳುತ್ತಾರೆ.